ಗೂಗಲ್ ವನ್, ಐಕ್ಲೌಡ್, ವನ್‌ಡ್ರೈವ್: ಸೀರಿ ಫೋಟೊ ಇಡಾಕ ಯಾವ್ದಕ್ಕ ರೊಕ್ಕ ಕೊಡಬೇಕು

ಇಳಕಲ್‌ದಾಗ ನಮ್ದು ಸೀರಿ ವ್ಯಾಪಾರ ಐತ್ರಿ, ಗಿರಾಕಿಗೋಳು ಎಲ್ಲಾ ವಾಟ್ಸಾಪ್‌ನ್ಯಾಗ ಫೋಟೊ ಕೇಳ್ತಾರ, ಹಿಂಗಾಗಿ ಫೋಟೊ, ಫೈಲ್ ಇಂಟರ್ನೆಟ್‌ನ್ಯಾಗ ಇಡೂ ಈ ಮೂರೂ ಕಡೆ, ಅಂದ್ರ ಗೂಗಲ್ ವನ್, ಆ್ಯಪಲ್‌ನವ್ರ ಐಕ್ಲೌಡ್, ಮೈಕ್ರೋಸಾಫ್ಟ್‌ನವ್ರ ವನ್‌ಡ್ರೈವ್‌ನ್ಯಾಗ ಇಟ್ಟು ನೋಡೇನಿ.

ಗೂಗಲ್‌ದು 15 ಜಿಬಿ ಫ್ರೀ ಅಂದ್ರ ಭಾಳ ಅನಸ್ತೈತಿ, ಆದ್ರ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದರಾಗ ಬರಬೇಕು. 2021ರ ಜೂನ್ 1ಕ್ಕಿಂತ ಮೊದ್ಲು 'ಹೈ ಕ್ವಾಲಿಟಿ' ಅನ್ನೂ ಸೆಟ್ಟಿಂಗ್‌ನ್ಯಾಗ (ಈಗ ಅದಕ್ಕ 'ಸ್ಟೋರೇಜ್ ಸೇವರ್' ಅಂತಾರ, ಫೋಟೊ ಕುಗ್ಗಿಸಿ ಇಡತೈತಿ) ಹಾಕಿದ್ದ ಫೋಟೊ ಲೆಕ್ಕಕ್ಕಿಲ್ಲ, ಆಮ್ಯಾಲಿನವು ಎಲ್ಲಾ ಲೆಕ್ಕಕ್ಕ ಬರ್ತಾವ. ಈಗ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಅದರಾಗ ಸೇರಿಸ್ಯಾರ. ನಮ್ಮಂಥವ್ರಿಗೆ ಖರೇ ಹೊಡ್ತ ಬಿದ್ದಿದ್ದು ಇಲ್ಲೇ ನೋಡ್ರಿ, ಒಂದ ಸೀರಿ ಫೋಟೊ ಗೂಗಲ್ ಫೋಟೋಸ್‌ನ್ಯಾಗೂ ಕುಂಡ್ರತೈತಿ, ವಾಟ್ಸಾಪ್ ಬ್ಯಾಕಪ್‌ನ್ಯಾಗೂ ಕುಂಡ್ರತೈತಿ, ಎರಡೆರಡು ಸಲ ಜಾಗಾ ತಿಂತೈತಿ. ತುಂಬಿತಂದ್ರ ಮೇಲ್ ಬರೂದ ನಿಂದರತೈತಿ. ಮೊದ್ಲು ಎಷ್ಟರ ಇಡ್ರಿ ಅಂತ ಹೇಳಿ, ಮಂದಿ ಮಕ್ಕಳ ಫೋಟೊ ಎಲ್ಲಾ ಅಲ್ಲೇ ಇಟ್ಟ ಮ್ಯಾಲ ಮಿತಿ ಹಾಕೂದು ನನಗಂತೂ ನ್ಯಾಯ ಅನಸೂದಿಲ್ಲ.

ರೊಕ್ಕ ಕೊಟ್ಟ ಮ್ಯಾಲ ಮಾತ್ರ ಇದ ಚಲೋ. ನಾ ತಗೊಂಡಾಗ 100 ಜಿಬಿಗೆ ತಿಂಗಳಿಗೆ 130 ರೂಪಾಯಿ, ವರ್ಷಕ್ಕ 1300, ಅಂದ್ರ ಎರಡು ತಿಂಗಳದ್ದು ಉಳೀತು, ಮ್ಯಾಲ ಮನ್ಯಾಗಿನ ಐದು ಮಂದಿಗೆ ಹಂಚಬಹುದು. ಸ್ಟೋರೇಜ್ ಸೇವರ್ ಹಾಕಿದ್ರ ಫೋಟೊ 16 ಮೆಗಾಪಿಕ್ಸೆಲ್‌ಗೆ ಇಳೀತೈತಿ, ಗಿರಾಕಿಗೆ ಕಳಸಾಕ ಅಷ್ಟು ಸಾಕು, ಸೆರಗಿನ ಕೆಂಪು ಬಣ್ಣ, ಕಸೂತಿ ಹೊಲಿಗಿ ಎಲ್ಲಾ ಛಂದ ಕಾಣ್ತಾವ.

ಐಕ್ಲೌಡ್ ತಂಗಿ ಐಫೋನ್‌ದಾಗ ನೋಡಿದ್ದು. 2011ರಿಂದ ಫ್ರೀ ಅಂದ್ರ ಅದ 5 ಜಿಬಿ, ಇಷ್ಟು ವರ್ಷ ಆದ್ರೂ ಹೆಚ್ಚಿಗಿ ಮಾಡಿಲ್ಲ. 50 ಜಿಬಿಗೆ ಆಕಿ 75 ರೂಪಾಯಿ ಕೊಡ್ತಿದ್ಲು, ಒಬ್ಬರಿಗೆ ಅಗ್ಗ ಆಗತೈತಿ. ಆದ್ರ ಐಕ್ಲೌಡ್ ಫೋಟೋಸ್ ಅಂದ್ರ ಸಿಂಕ್ ರೀ, ಫೋನಿನ್ಯಾಗ ಡಿಲೀಟ್ ಮಾಡಿದ್ರ ಅಲ್ಲಿಂದೂ ಹೋಗತೈತಿ. ಗೂಗಲ್‌ದಾಗ ಬ್ಯಾಕಪ್ ಆದ ಮ್ಯಾಲ 'ಫ್ರೀ ಅಪ್ ಸ್ಪೇಸ್' ಒತ್ತಿದ್ರ ಫೋನ್ ಖಾಲಿ ಆಗತೈತಿ, ಫೋಟೊ ಅಲ್ಲೇ ಇರ್ತಾವ, ಹಳೇ ಸೀರಿದು ಡಿಸೈನ್ ಹುಡುಕಾಕ ನಮಗ ಇದ ಬೇಕು.

ವನ್‌ಡ್ರೈವ್‌ನವ್ರು 2016ರಾಗ 15ರಿಂದ 5 ಜಿಬಿಗೆ ಇಳಿಸಿದ್ರು, ಫ್ರೀಗೆ ಅಂತ ಹೋಗಬ್ಯಾಡ್ರಿ. ಎಕ್ಸೆಲ್‌ದಾಗ ಲೆಕ್ಕ ಬರಿಯವ್ರಿಗೆ ಮೈಕ್ರೋಸಾಫ್ಟ್ 365 ಪರ್ಸನಲ್ (ಎಕ್ಸೆಲ್, ವರ್ಡ್ ಬರೂ ರೊಕ್ಕದ ಪ್ಲ್ಯಾನ್) ಜೋಡಿ 1 ಟಿಬಿ, ಅಂದ್ರ ಸುಮಾರು 1000 ಜಿಬಿ ಬರತೈತಿ, ಅಂಥವ್ರಿಗೆ ಅಡ್ಡಿಯಿಲ್ಲ.

ನಾವು ಗೂಗಲ್ 100 ಜಿಬಿನ ಇಟ್ಕೊಂಡೇವಿ. ರೊಕ್ಕ ಕೊಡೂಕಿಂತ ಮೊದ್ಲು ವಾಟ್ಸಾಪ್ ಸೆಟ್ಟಿಂಗ್ಸ್‌ನ್ಯಾಗ ಚಾಟ್ ಬ್ಯಾಕಪ್‌ಗೆ ಹೋಗಿ ವಿಡಿಯೊ ಸೇರಸೂದು ಬಂದ್ ಮಾಡಿ ನೋಡ್ರಿ, ಭಾಳ ಮಂದಿಗೆ 15ರಾಗ ಮುಗೀತೈತಿ.