ಕ್ರೋಟನ್, ಕ್ಯಾಲಥಿಯಾ, ಕ್ಯಾಲಡಿಯಂ: ನಮ್ಮ ಮನೆಗೆ ಹೊಂದಿದ್ದು ಯಾವುದು?

ಮೂರು ವರ್ಷದ ಹಿಂದೆ ದಸರಾದಲ್ಲಿ ಮೈಸೂರಿನ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವಳಿಗೆ ಬಣ್ಣದ ಎಲೆಯ ಗಿಡ ಬೇಕೇ ಬೇಕು ಅನ್ನಿಸಿತು. ಅದೇ ವಾರ ನರ್ಸರಿಯಿಂದ ಮೂರು ತಂದೆ. ಮೂರಕ್ಕೂ ಒಂದೇ ಮಣ್ಣು ಹಾಕಿದೆ: ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ. ಕುವೆಂಪುನಗರದ ನಮ್ಮ ಮನೆಯಲ್ಲಿ ಬೆಳಗಿನ ಬಿಸಿಲು ಬೀಳುವ ಜಗಲಿ ಇದೆ, ಒಳಗೆ ಉತ್ತರದ ಕಿಟಕಿ ಇದೆ. ಗಿಡ ಇಡಲು ಜಾಗ ಇಷ್ಟೇ.

ಕ್ರೋಟನ್ ಅನ್ನು ಮೊದಲು ಹಾಲ್‌ನಲ್ಲಿ ಇಟ್ಟಿದ್ದೆ. ಒಂದೇ ವಾರದಲ್ಲಿ ಕೆಳಗಿನ ಎಲೆ ಉದುರಿದವು. ಹೊಸ ಎಲೆ ಬಂದವು, ಆದರೆ ಬರೀ ಹಸಿರು. ಜಗಲಿಗೆ ತಂದ ಮೇಲೆ ಚಿಗುರು ಹಳದಿಯಾಗಿ ಬಂದು, ಬಲಿತಂತೆ ಕೆಂಪಾಯಿತು. ಇದಕ್ಕೆ ಬಿಸಿಲೇ ಬಣ್ಣ. ಜಾಗ ಬದಲಾಯಿಸಿದರೆ ಮತ್ತೆ ಎಲೆ ಉದುರಿಸುತ್ತದೆ, ಆದ್ದರಿಂದ ಇಟ್ಟ ಕಡೆಯೇ ಬಿಡಿ. ಕೊಂಬೆ ಕತ್ತರಿಸುವಾಗ ಬರುವ ಬಿಳಿ ಹಾಲು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಬಟ್ಟೆಗೆ ಬಿದ್ದರೆ ಕಲೆಯೂ ಹೋಗುವುದಿಲ್ಲ.

ಕ್ಯಾಲಥಿಯಾ ನೋಡಲು ಬಲು ಚೆಂದ. ಎಲೆಯ ಬೆನ್ನು ನೇರಳೆ. ರಾತ್ರಿ ಎಲೆಗಳನ್ನೆಲ್ಲ ಮೇಲಕ್ಕೆತ್ತಿ ಮಡಚಿಕೊಳ್ಳುತ್ತದೆ. ಆದರೆ ಇದು ದಕ್ಷಿಣ ಅಮೆರಿಕದ ಕಾಡಿನ ನೆರಳಲ್ಲಿ, ತೇವದ ಗಾಳಿಯಲ್ಲಿ ಬೆಳೆಯುವ ಗಿಡ. ಮಾರ್ಚ್‌ನ ನಮ್ಮ ಒಣ ಗಾಳಿಗೆ ಅಂಚು ಕಂದಾಗಿ ಸುರುಳಿ ಸುತ್ತಿತು. ಬೋರ್‌ವೆಲ್ ನೀರಿನ ಉಪ್ಪೂ ಕಾರಣ ಅಂತ ಗೊತ್ತಾಗಿ, ಹಿಡಿದಿಟ್ಟ ಮಳೆನೀರು ಹಾಕತೊಡಗಿದೆ. ಹೊಸ ಎಲೆ ಪರವಾಗಿಲ್ಲ. ಆದರೂ ಬೇಸಿಗೆ ಪೂರ್ತಿ ಅದರ ಮುಂದೆಯೇ ಕೂತಿರಬೇಕು. ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ. ಒಳಗಿನ ಕಿಟಕಿಗೆ ನೆರಳಲ್ಲೂ ಬದುಕುವ ಬಣ್ಣದೆಲೆಯ ಗಿಡ ಅಗ್ಲೊನೀಮಾ ತನ್ನಿ, ಸಾಕು.

ಇನ್ನು ಕ್ಯಾಲಡಿಯಂ. ನಮ್ಮ ಪತ್ರೊಡೆಯ ಕೆಸುವಿನ ಕುಟುಂಬದ್ದೇ. ಹಸಿ ಕೆಸು ಹೇಗೆ ಬಾಯಿ ತುರಿಸುತ್ತದೋ ಇದೂ ಹಾಗೇ, ಮಕ್ಕಳಿರುವ ಮನೆಯಲ್ಲಿ ಎತ್ತರದಲ್ಲಿಡಿ. ನಾನು ತಂದಿದ್ದು ಬಿಳಿ ಎಲೆಗೆ ಹಸಿರು ನರ ಇರುವುದು. ಬೆಳಕಿಗೆ ಹಿಡಿದರೆ ಎಲೆಯಾಚೆ ಬೆರಳಿನ ನೆರಳು ಕಾಣುವಷ್ಟು ತೆಳು.

ಡಿಸೆಂಬರ್‌ನಲ್ಲಿ ಒಂದೊಂದೇ ಎಲೆ ಹಳದಿಯಾಗಿ ಬಾಗಿತು. ಬಾಯಾರಿಕೆ ಇರಬೇಕು ಅಂತ ಜಾಸ್ತಿ ನೀರು ಹಾಕಿದೆ. ಸಂಕ್ರಾಂತಿ ಹೊತ್ತಿಗೆ ಮಣ್ಣು ಕೆದಕಿದರೆ ಗೆಡ್ಡೆ ಕೊಳೆತು ಲೋಳೆಯಾಗಿತ್ತು. ತುಂಬಾ ಬೇಜಾರಾಯಿತು. ಅದು ಸಾಯುತ್ತಿರಲಿಲ್ಲ, ಚಳಿಗೆ ಮಲಗಲು ಹೊರಟಿತ್ತು ಅಷ್ಟೇ, ಅಲ್ವಾ?

ಮುಂದಿನ ಜೂನ್‌ನಲ್ಲಿ ಮತ್ತೊಂದು ತಂದೆ. ಈ ಸಲ ಎಲೆ ಬಾಗಿದ ಕೂಡಲೇ ನೀರು ನಿಲ್ಲಿಸಿದೆ. ಜನವರಿಯಲ್ಲಿ ಗೆಡ್ಡೆ ಕಿತ್ತು, ನೆರಳಲ್ಲಿ ಆರಿಸಿ, ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಯುಗಾದಿ ಕಳೆದ ಮೇಲೆ ಎರಡು ಇಂಚು ಆಳಕ್ಕೆ ನೆಟ್ಟೆ, ಮಣ್ಣು ಒದ್ದೆ ಮಾಡಿದ್ದು ಸ್ವಲ್ಪವೇ. ಮೂರು ವಾರ ಏನೂ ಇಲ್ಲ. ಇಪ್ಪತ್ತನಾಲ್ಕನೇ ದಿನ ಬೆಳಿಗ್ಗೆ, ಬೀಡಾ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿಕೊಂಡ ಗುಲಾಬಿ ಛಾಯೆಯ ಮೊಳಕೆ! ಮೇ ಮಳೆಗೆ ಕುಂಡದ ತುಂಬ ಎಲೆ.

ದಿನವಿಡೀ ಬಿಸಿಲಿರುವ ಟೆರೇಸ್ ನಿಮ್ಮದಾದರೆ ಕ್ರೋಟನ್ ತಗೊಳ್ಳಿ, ವರ್ಷ ಪೂರ್ತಿ ಬಣ್ಣ ಇರುತ್ತದೆ. ನಾಲ್ಕು ತಿಂಗಳು ಖಾಲಿ ಕುಂಡ ನೋಡುವ ತಾಳ್ಮೆ ಇದ್ದರೆ ಮಾತ್ರ ಕ್ಯಾಲಡಿಯಂ. ನನಗೆ ಅದೇ ಇಷ್ಟ. ಒಂದು ಗೆಡ್ಡೆ ಈಗ ಐದಾಗಿದೆ. ಅದರಲ್ಲಿ ಎರಡನ್ನು ಪಕ್ಕದ ಮನೆಯವರಿಗೆ ಅಂತ ಬೇರೆ ಸುತ್ತಿಟ್ಟಿದ್ದೇನೆ.