ಲಹೋಹ್ ಹುಯ್ಯಲು ನಾನ್‌ಸ್ಟಿಕ್ ತವಾ ಒಳ್ಳೆಯದೋ, ಬೀಡಿನ ಕಾವಲಿಯೋ?

ಯೆಮೆನ್‌ನ ಲಹೋಹ್, ಸೊಮಾಲಿಯಾದ ಅಂಜೇರೊ ಒಂದೇ ಬಳ್ಳಿಯವು, ದೋಸೆಯಂಥ ಮೆತ್ತನೆಯ ರೊಟ್ಟಿಗಳು. ಸೊಮಾಲಿಲ್ಯಾಂಡ್ ಕಡೆ ಅಂಜೇರೊವನ್ನೂ ಲಹೋಹ್ ಅಂತಲೇ ಕರೆಯುತ್ತಾರೆ. ಹಿಟ್ಟು ಹುದುಗು ಬಂದಿರಬೇಕು, ಒಂದೇ ಮಗ್ಗುಲು ಬೇಯಬೇಕು, ಮೇಲೆಲ್ಲ ತೂತು ಬೀಳಬೇಕು. ಕೊಂಕಣಿಗರ ತೂತು ದೋಸೆ ಸುರ್ನೋಳಿ ತಿಂದವರಿಗೆ ಇದು ಹೊಸದೇನಲ್ಲ. ಆದರೆ ಹುಯ್ಯುವ ಕ್ರಮ ಬೇರೆಯಾದ್ದರಿಂದ ಲಹೋಹ್, ಅಂಜೇರೊ ಎರಡಕ್ಕೂ ಒಂದೇ ತವಾ ಒಗ್ಗುವುದಿಲ್ಲ. ಮುಚ್ಚಳವಿರುವ 24 ಸೆಂ.ಮೀ. ಅಲ್ಯೂಮಿನಿಯಂ ನಾನ್‌ಸ್ಟಿಕ್ ತವಾ ಲಹೋಹ್‌ಗೆ ಹೇಳಿ ಮಾಡಿಸಿದ ಹಾಗಿದೆ. ಅಂಜೇರೊಗೆ ಮಾತ್ರ ಅದನ್ನು ಕೊಳ್ಳಬೇಡಿ.

ಕಾರಣ ಇಷ್ಟೆ: ಯೆಮೆನ್ ಕ್ರಮದ ಲಹೋಹ್‌ನ ಹಿಟ್ಟನ್ನು ತಣ್ಣಗಿನ ತವಾಕ್ಕೆ ಹುಯ್ದು, ಆಮೇಲೆ ಮಧ್ಯಮ ಉರಿ ಹಚ್ಚುತ್ತಾರೆ. ಕಾವು ನಿಧಾನ ಏರಿದರೆ ಹಿಟ್ಟು ಗಟ್ಟಿಯಾಗುವ ಮೊದಲೇ ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ. ಕಾದ ತವಾಕ್ಕೆ ಹುಯ್ದರೆ ತಳ ತಕ್ಷಣ ಬಿಗಿದು ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಮೇಲ್ಭಾಗ ನುಣ್ಣಗೆ, ಒಳಗೆ ಹಸಿ ಹಸಿ. ಹಾಗಾಗಿ ಪ್ರತಿ ಲಹೋಹ್‌ಗೂ ಮೊದಲು ತವಾ ಆರಬೇಕು. ತೆಳು ಅಲ್ಯೂಮಿನಿಯಂ ಬೇಗ ಆರುತ್ತದೆ, ಬೀಡಿನ ಕಾವಲಿ ಬಹಳ ಹೊತ್ತು ಕಾವು ಹಿಡಿದಿರುತ್ತದೆ. ಹತ್ತು ಲಹೋಹ್ ಆಗಬೇಕಾದ ಮನೆಯಲ್ಲಿ ಈ ವ್ಯತ್ಯಾಸ ದೊಡ್ಡದು.

ಅಳತೆ: ಮೈದಾ 250 ಗ್ರಾಂ, ಜೋಳದ ಹಿಟ್ಟು 70 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1 ಟೀ ಚಮಚ, ಸಕ್ಕರೆ 1 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಉಗುರುಬೆಚ್ಚಗಿನ ನೀರು 500 ಮಿ.ಲೀ. ಗಂಟಿಲ್ಲದಂತೆ ಕದಡಿ ಒಂದೂವರೆ ಗಂಟೆ ಮುಚ್ಚಿಡಿ, ನೊರೆ ಎದ್ದಿರಬೇಕು. ಸೌಟಿನಿಂದ ಸುರಿದರೆ ಸೆಟ್ ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ ಇಳಿಯಬೇಕು. ದಪ್ಪ ಉಳಿದರೆ ತೂತು ಬೀಳುವುದಿಲ್ಲ. ಒಂದಕ್ಕೆ ಸುಮಾರು 90 ಮಿ.ಲೀ. ಹಿಟ್ಟು ಸಾಕು. ತೂತು ಮೂಡುವ ತನಕ ಮುಚ್ಚಬೇಡಿ. ಮೂಡಿದ ಮೇಲೆ ಒಂದು ನಿಮಿಷ ಮುಚ್ಚಿ, ಮೇಲಿನ ಹಸಿ ಹೊಳಪು ಹೋದ ಕೂಡಲೇ ತೆಗೆಯಿರಿ.

ತವಾದಲ್ಲಿ ಎರಡು ಕೊರತೆಗಳಿವೆ. ಮುಚ್ಚಳಕ್ಕೆ ಆವಿ ಹೋಗುವ ತೂತಿಲ್ಲದಿದ್ದರೆ ನೀರು ತೊಟ್ಟಿಕ್ಕಿ ಲಹೋಹ್ ಮೇಲೆ ಅಂಟು ಅಂಟು ಕಲೆಯಾಗುತ್ತದೆ. ಮುಚ್ಚಳವನ್ನು ತುಸು ಓರೆಯಾಗಿಡಿ. ಬೇಗ ಆರಲೆಂದು ಕಾದ ತವಾವನ್ನು ನಲ್ಲಿಯ ಕೆಳಗೆ ಹಿಡಿಯುವವರಿದ್ದಾರೆ. ತೆಳು ತವಾ ಹಾಗೆ ಮಾಡಿದರೆ ತಳ ಸೊಟ್ಟಗಾಗಿ ಹಿಟ್ಟು ಒಂದು ಕಡೆ ಜಾರುತ್ತದೆ. ತಳಕ್ಕೆ ಒದ್ದೆ ಬಟ್ಟೆ ಒತ್ತಿ, ಇಲ್ಲವೇ ಎರಡು ತವಾ ಇಟ್ಟುಕೊಂಡು ಒಂದಾದ ಮೇಲೊಂದು ಬಳಸಿ. ಎರಡನೆಯ ತವಾಕ್ಕೆ ಕೊಟ್ಟ ಹಣ ಖಂಡಿತ ದಂಡವಲ್ಲ.

ಅಂಜೇರೊದ ಲೆಕ್ಕ ತಿರುಗುಮುರುಗು. ಸೊಮಾಲಿಗಳು ದಾವೊ ಎನ್ನುವ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ನಡುವೆ ಹಿಟ್ಟು ಹುಯ್ದು, ಸೌಟಿನ ತಳದಿಂದ ಒಳಗಿನಿಂದ ಹೊರಗೆ ಸುರುಳಿ ಎಳೆಯುತ್ತಾರೆ. ಆ ಸುರುಳಿಯ ಗೆರೆ ಬೆಂದ ಮೇಲೂ ಎದ್ದು ಕಾಣಬೇಕು. ನಾನ್‌ಸ್ಟಿಕ್‌ನಲ್ಲಿ ಹಿಟ್ಟು ಸೌಟಿನ ಜೊತೆಗೇ ಜಾರುವುದರಿಂದ ಗೆರೆ ಅಳಿಸಿಹೋಗುತ್ತದೆ. ಪಳಗಿದ ಬೀಡಿನ ಕಾವಲಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಎಣ್ಣೆಯನ್ನು ಮಾತ್ರ ಬಟ್ಟೆಯಲ್ಲಿ ಒರೆಸಿದಷ್ಟೇ ಹಾಕಿ, ಹೆಚ್ಚಾದರೆ ಅಲ್ಲೂ ಜಾರುತ್ತದೆ.

ಬಿಸಿಯಲ್ಲೇ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುತ್ತವೆ. ಬಟ್ಟೆಯ ಮೇಲೆ ಹರಡಿ ಆರಿಸಿ. ಅಂಜೇರೊಗೆ ಬೆಳಗಿನ ಹೊತ್ತು ತುಪ್ಪ, ಸಕ್ಕರೆ, ಚಹಾ ಜೊತೆ. ಲಹೋಹ್ ಸರಿ ಬಂದಿದೆಯೇ ಎಂದು ತಿಳಿಯಲು ಶಫೂತ್ ಮಾಡಿ ನೋಡಿ. ಯೆಮೆನ್‌ನಲ್ಲಿ ರಮ್ಜಾನ್ ತಿಂಗಳ ಅಡುಗೆ ಅದು: ಕೊತ್ತಂಬರಿ, ಹಸಿಮೆಣಸು, ಬೆಳ್ಳುಳ್ಳಿ ಅರೆದು ಕಲಸಿದ ತೆಳು ಮೊಸರನ್ನು ಲಹೋಹ್ ಮೇಲೆ ಸುರಿಯುತ್ತಾರೆ. ತೂತು ಸರಿಯಾಗಿದ್ದರೆ ಮೊಸರು ಕಣ್ಣೆದುರೇ ಒಳಗಿಳಿಯುತ್ತದೆ. ಇಲ್ಲದಿದ್ದರೆ ಮೇಲೇ ನಿಲ್ಲುತ್ತದೆ.