ಡೀಪ್ 2.1: ಯುದ್ಧಪೀಡಿತ ದೇಶಗಳ ಶಿಕ್ಷಣ ವೆಚ್ಚ ಅಳೆಯಲು ಎಷ್ಟರಮಟ್ಟಿಗೆ ನಂಬಬಹುದು?

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸರ್ಕಾರಿ ಶಿಕ್ಷಣ ವೆಚ್ಚದ ದಕ್ಷತೆಯನ್ನು ಪ್ರಬಂಧಕ್ಕೆ ಆರಿಸಿಕೊಂಡವರಿಗೆ ಡೀಪ್ 2.1 ಒಳ್ಳೆಯ ಆರಂಭ. ಆಸ್ಟ್ರೇಲಿಯಾದ ಟಿಮ್ ಕೊಯೆಲ್ಲಿ 1996ರಲ್ಲಿ ಹೊರತಂದ ಉಚಿತ ತಂತ್ರಾಂಶವಿದು (ಇಂಗ್ಲಿಷಿನಲ್ಲಿ DEAP). ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕಂಡ ದೇಶಗಳನ್ನು ಗಡಿರೇಖೆಯಾಗಿ ಹಿಡಿದು, ಉಳಿದವಕ್ಕೆ 0ಯಿಂದ 1ರೊಳಗೆ ಅಂಕ ಕೊಡುತ್ತದೆ. ಗಡಿರೇಖೆಯ ಮೇಲಿರುವ ದೇಶಕ್ಕೆ 1.

ಬೇಕಾಗುವುದು ಎರಡು ಕಡತ. ದತ್ತಾಂಶದ ಕಡತದಲ್ಲಿ ಬರೀ ಅಂಕಿ: ಮೊದಲು ಫಲದ ಕಾಲಂ (ದಾಖಲಾತಿ, ಶಾಲೆ ಮುಗಿಸಿದವರ ಪ್ರಮಾಣ), ಆಮೇಲೆ ವೆಚ್ಚದ್ದು. ತಲೆಬರಹ, ದೇಶದ ಹೆಸರು, 1,25,000ರಂಥ ಅಲ್ಪವಿರಾಮ ಯಾವುದೂ ಬೇಡ. ಸೂಚನೆ ಕಡತದಲ್ಲಿ ಒಂಬತ್ತು ಸಾಲು. ಏಳನೆಯದರಲ್ಲಿ 1 ಹಾಕಿ, ಆಗ ಇದೇ ಖರ್ಚಿನಲ್ಲಿ ಫಲ ಎಷ್ಟು ಹೆಚ್ಚಿಸಬಹುದು ಎಂದು ನೋಡುತ್ತದೆ. 0 ಹಾಕಿದರೆ ಖರ್ಚು ಎಷ್ಟು ಕಡಿತ ಮಾಡಬಹುದು ಎಂದು ಲೆಕ್ಕ ಹಾಕುತ್ತದೆ. ಶಾಲೆಗಳೇ ಬಿದ್ದುಹೋಗಿರುವ ದೇಶಕ್ಕೆ ಆ ಪ್ರಶ್ನೆ ಕೇಳುವುದೇ ತಪ್ಪು. ಎಂಟನೆಯ ಸಾಲಿಗೂ 1, ಗಾತ್ರದ ಪರಿಣಾಮವನ್ನು ಲೆಕ್ಕಕ್ಕೆ ಹಿಡಿಯಲು. ಕಡತದ ಹೆಸರು ಎಂಟು ಅಕ್ಷರದೊಳಗಿರಲಿ, ಇದು ಹಳೇ ಡಾಸ್ ಕಾಲದ್ದು.

ಫಲಿತಾಂಶದಲ್ಲಿ ‘ಸ್ಕೇಲ್’ ಕಾಲಂ ತುಂಬ ಉಪಯುಕ್ತ. ಹೊಸನಗರದ ಹಿನ್ನೀರಿನ ಕಡೆ ಹತ್ತು ಮಕ್ಕಳ ಶಾಲೆಯಲ್ಲಿ ತಲಾ ವೆಚ್ಚ ಶಿವಮೊಗ್ಗ ಪೇಟೆಯ ಶಾಲೆಗಿಂತ ಹೆಚ್ಚೇ ಇರುತ್ತದೆ. ಅದು ಮೇಷ್ಟ್ರ ತಪ್ಪಲ್ಲ, ಶಾಲೆಯ ಗಾತ್ರದ್ದು. ಈ ಎರಡನ್ನೂ ಬೇರೆ ಮಾಡಿ ತೋರಿಸುವುದೇ ಆ ಕಾಲಂ.

ತೊಂದರೆ ಶುರುವಾಗುವುದು ಯುದ್ಧಪೀಡಿತ ದೇಶಗಳ ಅಂಕಿ ತುಂಬುವಾಗ. ದಕ್ಷಿಣ ಸುಡಾನಿನ ಸಾಲಿನಲ್ಲಿ ಒಂದು ಅಂಕಿಯ ಜಾಗ ಖಾಲಿ ಬಿಟ್ಟರೆ ಆ ಖಾಲಿ ಜಾಗ ತಂತ್ರಾಂಶಕ್ಕೆ ಕಾಣುವುದಿಲ್ಲ. ಮುಂದಿನ ಅಂಕಿಯೇ ಅಲ್ಲಿ ಬಂದು ಕೂತು ಕೆಳಗಿನ ಲೆಕ್ಕವೆಲ್ಲ ಕೆಡುತ್ತದೆ. ಅಂಕಿ ಇಲ್ಲದ ದೇಶವನ್ನು ಪೂರ್ತಿ ತೆಗೆದುಬಿಡಿ. ಹಾಗೆ ತೆಗೆದಾಗ ಅತಿ ಹೆಚ್ಚು ನೊಂದ ದೇಶಗಳೇ ಪಟ್ಟಿಯಿಂದ ಹೊರಗುಳಿಯುತ್ತವೆ, ಇದನ್ನು ಪ್ರಬಂಧದಲ್ಲಿ ಬರೆಯಲೇಬೇಕು. ವರ್ಷದಿಂದ ವರ್ಷಕ್ಕೆ ಆದ ಬದಲಾವಣೆ ಅಳೆಯುವ ಮಾಲ್ಮ್‌ಕ್ವಿಸ್ಟ್ ವಿಧಾನಕ್ಕಂತೂ ಪ್ರತಿ ದೇಶದ ಪ್ರತಿ ವರ್ಷದ ಅಂಕಿಯೂ ಬೇಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಯೆಮೆನ್‌ನಲ್ಲಿ 2016ರ ಕೊನೆಯಿಂದ ಅಸಂಖ್ಯ ಶಿಕ್ಷಕರಿಗೆ ಸಂಬಳ ಸರಿಯಾಗಿ ಸಿಕ್ಕಿಲ್ಲ. ಸಂಬಳವಿಲ್ಲದೆ ಅವರು ಪಾಠ ಮಾಡಿದರೆ ಸರ್ಕಾರದ ವೆಚ್ಚ ಇಳಿಯುತ್ತದೆ, ಮಕ್ಕಳು ಶಾಲೆಯಲ್ಲೇ ಇರುತ್ತಾರೆ, ಅಂಕ 1ರ ಹತ್ತಿರ ಹೋಗುತ್ತದೆ. ಬಜೆಟ್ಟಿನ ಹೊರಗೆ ಬರುವ ವಿದೇಶಿ ನೆರವೂ ಇದೇ ಮೋಸ ಮಾಡುತ್ತದೆ. ಅಂಥ ಒಂದು ದೇಶ ಗಡಿರೇಖೆಯ ಮೇಲೆ ಕೂತರೆ ಉಳಿದೆಲ್ಲರ ಅಂಕವೂ ಬೀಳುತ್ತದೆ. ಆದ್ದರಿಂದ 1 ಬಂದ ದೇಶಗಳನ್ನು ಒಂದೊಂದಾಗಿ ತೆಗೆದು ಮತ್ತೆ ಓಡಿಸಿ. ಕ್ರಮಾಂಕ ತೀರಾ ಅಲ್ಲಾಡಿದರೆ ಆ ಪಟ್ಟಿ ಪ್ರಕಟಿಸಬೇಡಿ.

ದೇಶಗಳ ಸಂಖ್ಯೆ ಒಟ್ಟು ಕಾಲಂಗಳ ಮೂರು ಪಟ್ಟಾದರೂ ಇರಲಿ, ಇಲ್ಲದಿದ್ದರೆ ತೀರಾ ಹೆಚ್ಚು ದೇಶಗಳಿಗೆ 1 ಬಂದೀತು. ಅಂಕ ಎಷ್ಟು ಅನಿಶ್ಚಿತ ಎಂದು ತಿಳಿಯುವ ಬೂಟ್‌ಸ್ಟ್ರಾಪ್ ಸೌಲಭ್ಯ ಡೀಪ್‌ನಲ್ಲಿಲ್ಲ. ಎಂ.ಎ. ಮಟ್ಟಕ್ಕೆ ಇಷ್ಟು ಸಾಕು, ಪಿಎಚ್‌.ಡಿ. ಮಾಡುವವರು ಇದರಲ್ಲಿ ಕೈ ಪಳಗಿಸಿಕೊಂಡು, ಅದೇ ದತ್ತಾಂಶವನ್ನು ಆರ್ ತಂತ್ರಾಂಶದ ಬೆಂಚ್‌ಮಾರ್ಕಿಂಗ್ ಪ್ಯಾಕೇಜಿಗೆ ಹಾಕಿ. ಅದೂ ಉಚಿತವೇ.